ತೊರೆಯ ದಂಡೆಯಲ್ಲಿ ಪ್ರವಾಸಿಗರ ಕುದುರೆ ಸವಾರಿ: ಅನುಮತಿ ಕೊಡಬಹುದೇ, ಕೊಟ್ಟರೆ ಯಾವ ಷರತ್ತಿನ ಮೇಲೆ?

ತೊರೆಯಂಚು

ನಮ್ಮ ಮನೆಯ ಹಿಂದಿನ ತೊರೆಯ ಆಚೆ ದಡದಲ್ಲಿ ಕೃಷಿ ವಲಯಕ್ಕೆ ಸೇರಿದ ಜಮೀನಿದೆ. ಅಲ್ಲಿ ಪ್ರವಾಸಿಗರಿಗೆ ಮಾರ್ಗದರ್ಶಕರೊಡನೆ ಕುದುರೆ ಸವಾರಿ ಏರ್ಪಡಿಸುವ ವ್ಯವಹಾರಕ್ಕೆ ಅನುಮತಿ ಕೋರಿ ಮಾಲೀಕರು ಸ್ಥಳೀಯ ಯೋಜನಾ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಿದ್ದಾರೆ; ಪ್ರಾಧಿಕಾರವು ಸಾರ್ವಜನಿಕರಿಂದ ಆಕ್ಷೇಪಣೆಗಳನ್ನು ಆಹ್ವಾನಿಸಿದೆ. ಸವಾರಿಯ ದಾರಿ ತೊರೆಯ ಬದಿಯಲ್ಲೇ ಸಾಗಿ, ಎರಡು ಕಡೆ ನೀರನ್ನು ದಾಟಿ, ಕೆಳಗಿನ ಜೌಗು ನೆಲದ ಅಂಚನ್ನು ಬಳಸಿಕೊಂಡು ಲಾಯಕ್ಕೆ ಮರಳುತ್ತದೆ. ಆ ಜೌಗಿನಲ್ಲಿ ಕಪ್ಪೆಗಳೂ ನೀರುಹಕ್ಕಿಗಳೂ ಮರಿ ಮಾಡುತ್ತವೆ, ತೊರೆಯ ಜಲ್ಲಿಹಾಸಿನಲ್ಲಿ ಮೀನುಗಳು ಮೊಟ್ಟೆಯಿಡುತ್ತವೆ, ಇನ್ನೂ ಕೆಳಗೆ ಮಕ್ಕಳು ಈಜುತ್ತಾರೆ.

ನಾನು ಕುದುರೆಗಳ ವಿರೋಧಿಯಲ್ಲ. ಇರುವ ಜಮೀನಿನಿಂದಲೇ ಬದುಕು ಕಟ್ಟಿಕೊಳ್ಳಲು ಹೊರಟವರಿಗೆ ಅಡ್ಡ ನಿಲ್ಲುವ ಮನಸ್ಸೂ ನನಗಿಲ್ಲ. ಆದರೆ ಅಷ್ಟು ಪುಟಗಳ ಅರ್ಜಿಯಲ್ಲಿ ನೀರಿನ ಬಗ್ಗೆ ಇರುವುದು ಒಂದೇ ಒಂದು ವಾಕ್ಯ: ಪರಿಸರಕ್ಕೆ ಧಕ್ಕೆಯಾಗದಂತೆ ಸೂಕ್ತ ಕ್ರಮಗಳನ್ನು ಕೈಗೊಳ್ಳಲಾಗುವುದು. ಯಾವ ಕ್ರಮ, ಕೈಗೊಳ್ಳುವವರು ಯಾರು, ಕೈಗೊಳ್ಳದಿದ್ದರೆ ಮುಂದೇನು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ನಾವು ಅನುಮತಿಯನ್ನೇ ವಿರೋಧಿಸಬೇಕೇ ಅಥವಾ ಷರತ್ತುಗಳನ್ನು ಕೇಳಬೇಕೇ? ಷರತ್ತು ಕೇಳುವುದಾದರೆ ಏನೆಂದು ಬರೆಯಬೇಕು? ಇಂತಹ ಪ್ರಕರಣಗಳನ್ನು ಹತ್ತಿರದಿಂದ ಕಂಡವರು ದಯವಿಟ್ಟು ತಿಳಿಸಿ.

ಹಸಿರುಪಟ್ಟಿ

ನೇರವಾಗಿ ವಿರೋಧಿಸಿ. ನೀರಿನಿಂದ 100 ಮೀಟರ್ ಒಳಗೆ ಒಂದು ಕುದುರೆಯೂ ಕಾಲಿಡಬಾರದು ಎಂದು ಬರೆದುಕೊಡಿ. ಷರತ್ತುಗಳು ಕಡತದಲ್ಲಿ ಉಳಿಯುತ್ತವೆ, ಕುದುರೆಗಳು ದಂಡೆಯ ಮೇಲೆ ನಡೆಯುತ್ತವೆ.

ನಕ್ಷೆಗಾರ

ಇಂತಹ ಅರ್ಜಿಗಳನ್ನು ಪರಿಶೀಲಿಸುವ ಕೆಲಸವನ್ನು ಬಹಳ ಕಾಲ ಮಾಡಿದವನು ನಾನು. ವಿರೋಧಿಸಬೇಕೇ ಬೇಡವೇ ಎಂಬುದನ್ನು ಆಮೇಲೆ ನೋಡೋಣ. ಅದಕ್ಕೂ ಮೊದಲು ಈ ಅರ್ಜಿ ಯಾವ ಬಗೆಯದು ಎಂದು ತಿಳಿಯಬೇಕು. ವಲಯ ನಿಯಮಗಳಲ್ಲಿ ಸಾಮಾನ್ಯವಾಗಿ ಕೆಲವು ಬಳಕೆಗಳಿಗೆ ಆ ವಲಯದಲ್ಲಿ ಯಾರನ್ನೂ ಕೇಳಬೇಕಾಗಿಲ್ಲ, ಕೆಲವು ಸಂಪೂರ್ಣ ನಿಷಿದ್ಧ, ಇವೆರಡರ ನಡುವೆ ಜಾಗವನ್ನು ನೋಡಿ ಷರತ್ತಿನ ಮೇಲೆ ಒಪ್ಪಬಹುದಾದವು ಇರುತ್ತವೆ. ಕೃಷಿ ವಲಯದಲ್ಲಿ ಕುದುರೆ ಸಾಕುವುದು ಹೆಚ್ಚಿನ ಕಡೆಗಳಲ್ಲಿ ಮೊದಲನೆಯ ಗುಂಪಿಗೆ ಸೇರುತ್ತದೆ. ಹಣ ಪಡೆದು ಹೊರಗಿನವರನ್ನು ಗುಂಪುಗುಂಪಾಗಿ ಸವಾರಿಗೆ ಕರೆದೊಯ್ಯುವುದು ವಾಣಿಜ್ಯ ಸ್ವರೂಪದ ಮನರಂಜನೆ. ಅದನ್ನು ಮೂರನೆಯ ಗುಂಪಿನಲ್ಲಿ ಇಡುವುದೇ ರೂಢಿ. ಅರ್ಜಿದಾರರು ಇವೆರಡನ್ನೂ ಒಂದೇ ಎಂಬಂತೆ ಬರೆದಿದ್ದರೆ ಆಕ್ಷೇಪಣೆಯ ಮೊದಲ ಅಂಶ ಅದೇ ಆಗಲಿ. ಸವಾರಿಯ ಬೆನ್ನಿಗೆ ವಾಹನ ನಿಲುಗಡೆ, ಶೌಚಾಲಯ, ಕಾಯುವ ಜಾಗ, ಕುದುರೆ ಸಾಗಿಸುವ ಟ್ರೇಲರ್‌ಗಳಿಗೆ ಗಟ್ಟಿ ನೆಲ, ಇವೆಲ್ಲ ಬರುತ್ತವೆ; ಮಳೆನೀರು ಹರಿದು ತೊರೆಗೆ ಸೇರುವ ಮಟ್ಟಿಗೆ ಇವೂ ಲೆಕ್ಕಕ್ಕೆ ಸೇರಬೇಕು.

ಇನ್ನೊಂದು ಮಾತನ್ನು ಜನರು ಮತ್ತೆ ಮತ್ತೆ ಮರೆಯುತ್ತಾರೆ. ಇಂತಹ ಅನುಮತಿ ಅನೇಕ ಕಡೆಗಳಲ್ಲಿ ವ್ಯಕ್ತಿಯ ಹೆಸರಿಗಿಂತ ಜಮೀನಿಗೆ ಅಂಟಿಕೊಂಡಿರುತ್ತದೆ. ಇಂದಿನ ಮಾಲೀಕರು ಎಷ್ಟೇ ಸಜ್ಜನರಾಗಿದ್ದರೂ ನಾಳೆ ಅದೇ ಜಮೀನನ್ನು ಕೊಂಡವರು ಅದೇ ಅನುಮತಿಯಡಿ ಎರಡರಷ್ಟು ಕುದುರೆಗಳನ್ನು ಓಡಿಸಬಹುದು. ಆದ್ದರಿಂದ ಮಾಲೀಕರ ಒಳ್ಳೆಯತನವನ್ನಾಗಲಿ ಕೆಟ್ಟತನವನ್ನಾಗಲಿ ಚರ್ಚಿಸುತ್ತಾ ಕಾಲ ಕಳೆಯಬೇಡಿ. ಷರತ್ತುಗಳು ನೆಲವನ್ನೂ ನೀರನ್ನೂ ನೋಡಿ ಹುಟ್ಟಬೇಕು.

ಲಗಾಮು

ನಾನು ಇದೇ ವೃತ್ತಿಯಲ್ಲಿರುವವನು, ಬೇರೊಂದು ಕಡೆ ಸವಾರಿ ನಡೆಸುತ್ತೇನೆ. ಹಸಿರುಪಟ್ಟಿ ಅವರ ಮಾತನ್ನು ಓದಿ ಬೇಸರವಾಯಿತು. ಅದೇ ಜಮೀನಿನಲ್ಲಿ ದನಗಳನ್ನು ಬಿಟ್ಟರೆ ಅವು ದಿನವಿಡೀ ನೀರಿನಲ್ಲಿ ನಿಲ್ಲುತ್ತವೆ, ಅಲ್ಲೇ ಸಗಣಿ ಹಾಕುತ್ತವೆ, ದಂಡೆಯನ್ನು ತುಳಿದು ಜರಿಸುತ್ತವೆ. ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ. ನಮ್ಮ ಕುದುರೆಗಳು ಮಾರ್ಗದರ್ಶಕರ ಹಿಂದೆ ಒಂದೇ ಸಾಲಿನಲ್ಲಿ, ನಿಗದಿಯಾದ ದಾರಿಯಲ್ಲಿ ಹೋಗಿ ಬರುತ್ತವೆ. ಯಾರ ಹಿಡಿತವೂ ಇಲ್ಲದೆ ಎಲ್ಲೆಂದರಲ್ಲಿ ನುಗ್ಗುವ ಬಿಡಿ ಸವಾರರಿಗಿಂತ ಮಾರ್ಗದರ್ಶಕರಿರುವ ಸವಾರಿ ತೊರೆಗೆ ಎಷ್ಟೋ ಸುರಕ್ಷಿತ. ನಡೆಯಲಾಗದ ಹಿರಿಯರು ಮತ್ತು ಅಂಗವಿಕಲರು ಕುದುರೆಯ ಬೆನ್ನೇರಿ ಮೊದಲ ಬಾರಿಗೆ ಇಂತಹ ತೊರೆಯನ್ನು ಕಂಡು ಸಂತೋಷಪಡುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದಕ್ಕೂ ಬೆಲೆಯಿದೆ.

ಜಲಬಿಂದು

ಲಗಾಮು ಅವರೇ, ದನಗಳ ವಿಷಯದಲ್ಲಿ ನೀವು ಹೇಳಿದ್ದು ನಿಜ. ಒಂದು ಹಾನಿಗೆ ಅನುಮತಿ ಬೇಕಿಲ್ಲ ಎಂಬ ಕಾರಣದಿಂದ ಇನ್ನೊಂದನ್ನು ಪ್ರಶ್ನಿಸಬಾರದು ಎಂದಾಗುವುದಿಲ್ಲ, ಅಷ್ಟೇ. ನೀರಿನ ಜೀವಿಗಳ ಅಧ್ಯಯನ ನನ್ನ ಕೆಲಸವಾದ್ದರಿಂದ, ಯಾವ ಹಾನಿ ಎಲ್ಲಿಂದ ಬರುತ್ತದೆ ಎಂಬುದನ್ನು ಬೇರ್ಪಡಿಸಿ ಹೇಳಲು ಬಯಸುತ್ತೇನೆ, ಏಕೆಂದರೆ ಈ ಚರ್ಚೆಗಳಲ್ಲಿ ಎಲ್ಲವೂ ಕಲಸಿಹೋಗುತ್ತದೆ.

ಸುಮಾರು 450 ಕಿಲೋ ತೂಕದ ಕುದುರೆ ದಿನಕ್ಕೆ ಲದ್ದಿ ಮತ್ತು ಮೂತ್ರ ಸೇರಿ 20 ಕಿಲೋಗಿಂತ ಹೆಚ್ಚು ಹೊರಹಾಕುತ್ತದೆ. ವರ್ಷಕ್ಕೆ ಅದು 8 ಟನ್ನಿನ ಆಸುಪಾಸು. ಈ ಅಂಕಿಯನ್ನು ಕೇಳಿದ ಕೂಡಲೇ ಜನರು ಸವಾರಿಯ ದಾರಿಯನ್ನು ನೋಡುತ್ತಾರೆ. ಆದರೆ ಕುದುರೆ ದಾರಿಯಲ್ಲಿರುವುದು ದಿನದ ಕೆಲವೇ ಗಂಟೆ. ಉಳಿದ ಹೊತ್ತೆಲ್ಲ ಲಾಯದಲ್ಲಿ ಅಥವಾ ಬೇಲಿಯೊಳಗಿನ ಬಯಲಿನಲ್ಲಿ ಇರುತ್ತದೆ. ಹೀಗಾಗಿ ಸಾರಜನಕ ಮತ್ತು ರಂಜಕ ತೊರೆಗೆ ಸೇರುವ ದೊಡ್ಡ ಬಾಗಿಲು ಲಾಯ, ತಿಪ್ಪೆ ಮತ್ತು ಹುಲ್ಲಿಲ್ಲದೆ ಬೋಳಾದ ಬಯಲು. ರಂಜಕ ಮಣ್ಣಿನ ಕಣಗಳಿಗೆ ಅಂಟಿಕೊಂಡು ಮಳೆನೀರಿನ ಜೊತೆ ಹೋಗುತ್ತದೆ, ನೈಟ್ರೇಟ್ ಕರಗಿ ನೆಲದೊಳಗಿನಿಂದಲೂ ಇಳಿಯುತ್ತದೆ. ಎರಡೂ ಸೇರಿ ಪಾಚಿಯನ್ನು ಬೆಳೆಸುತ್ತವೆ. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಕುಗ್ಗುತ್ತದೆ.

ದಾರಿಯಿಂದ ಬರುವ ಮುಖ್ಯ ಹಾನಿ ಹೂಳು. ಗೊರಸು ಚಿಕ್ಕ ಜಾಗದ ಮೇಲೆ ದೊಡ್ಡ ಭಾರ ಹಾಕುತ್ತದೆ, ಲಾಳವಿದ್ದರೆ ಅಂಚು ಮಣ್ಣನ್ನು ಕತ್ತರಿಸುತ್ತದೆ. ಸಡಿಲಗೊಂಡ ನುಣ್ಣನೆಯ ಮಣ್ಣು ಮುಂದಿನ ಮಳೆಗೆ ತೊರೆಗಿಳಿದು ಜಲ್ಲಿಯ ಸಂದುಗಳನ್ನು ತುಂಬುತ್ತದೆ. ಮೀನಿನ ಮೊಟ್ಟೆಗಳು ಉಸಿರಾಡುವುದು ಆ ಸಂದುಗಳಲ್ಲಿ ಹರಿಯುವ ನೀರಿನಿಂದ. ಜಲಕೀಟಗಳ ಮರಿಗಳು ಬದುಕುವುದೂ ಅಲ್ಲೇ. ನಿಮ್ಮ ಆಕ್ಷೇಪಣೆಯಲ್ಲಿ ಲಾಯಕ್ಕೆ ಒಂದು ಭಾಗ, ದಾರಿಗೆ ಇನ್ನೊಂದು ಭಾಗ ಇರಲಿ. ಅರ್ಜಿಯಲ್ಲಿ ಲಾಯ ಮತ್ತು ತಿಪ್ಪೆ ಎಲ್ಲಿವೆ?

ತೊರೆಯಂಚು

ಲಾಯವನ್ನು ನಕ್ಷೆಯಲ್ಲಿ ತೊರೆಗಿಂತ ಎತ್ತರದ ಇಳಿಜಾರಿನಲ್ಲಿ ತೋರಿಸಿದ್ದಾರೆ. ತಿಪ್ಪೆಯನ್ನು ಎಲ್ಲಿಯೂ ಗುರುತಿಸಿಲ್ಲ.

ನಕ್ಷೆಗಾರ

ಹಾಗಿದ್ದರೆ ಅರ್ಜಿಯೇ ಅಪೂರ್ಣ. ತಿಪ್ಪೆ, ನೀರು ಹರಿದುಹೋಗುವ ದಿಕ್ಕು ಮತ್ತು ದಾಟುವ ಜಾಗಗಳನ್ನು ಅಳತೆಗೆ ಸರಿಯಾಗಿ ತೋರಿಸಿದ ನಕ್ಷೆ ಬರುವವರೆಗೆ ವಿಚಾರಣೆಯನ್ನು ಮುಂದೂಡಬೇಕೆಂದು ಲಿಖಿತವಾಗಿ ಕೇಳಿ. ಇದು ವಿರೋಧವೂ ಅಲ್ಲ, ಒಪ್ಪಿಗೆಯೂ ಅಲ್ಲ. ಯಾವ ಪ್ರಾಧಿಕಾರವೂ ಇದನ್ನು ಸುಲಭವಾಗಿ ತಳ್ಳಿಹಾಕಲಾರದು.

ಹಸಿರುಪಟ್ಟಿ

ದಾರಿಯ ವಿಷಯದಲ್ಲಿ ಇಷ್ಟು ಮೃದುವಾಗುವ ಅಗತ್ಯವೇನಿದೆ? ಪಾದಚಾರಿ, ಸೈಕಲ್, ಮೋಟಾರ್‌ಸೈಕಲ್, ಕುದುರೆ ಈ ಎಲ್ಲವನ್ನೂ ಹೋಲಿಸಿದ ಸಂಶೋಧನೆಗಳಲ್ಲಿ ಕುದುರೆಯೇ ಎಲ್ಲ ಸಂದರ್ಭಗಳಲ್ಲಿಯೂ ಅತಿ ಹೆಚ್ಚು ಹಾನಿ ಮಾಡುತ್ತದೆ ಎಂದು ಸಾಬೀತಾಗಿದೆ.

ಕಾಲುದಾರಿ

ಎಲ್ಲ ಸಂದರ್ಭಗಳಲ್ಲಿಯೂ ಎಂಬ ಮಾತು ತಪ್ಪು, ಅದನ್ನು ಆಕ್ಷೇಪಣೆಯಲ್ಲಿ ಬರೆದರೆ ಎದುರು ಪಕ್ಷದ ವಕೀಲರು ಮೊದಲು ಹಿಡಿಯುವುದೇ ಅದನ್ನು. ಅಮೆರಿಕದ ಮೊಂಟಾನಾದಲ್ಲಿ ಈ ವಿಷಯವಾಗಿ ಹಲವು ಅಧ್ಯಯನಗಳು ನಡೆದಿವೆ. 1978ರಲ್ಲಿ ವೀವರ್ ಮತ್ತು ಡೇಲ್ ಪ್ರಕಟಿಸಿದ ಅಧ್ಯಯನದಲ್ಲಿ ಕುದುರೆ ಮತ್ತು ಮೋಟಾರ್‌ಸೈಕಲ್ ಎರಡೂ ಪಾದಚಾರಿಗಳಿಗಿಂತ ಹೆಚ್ಚು ಹಾನಿ ಮಾಡಿದ್ದು ಕಂಡುಬಂತು. ಆದರೆ ಮೋಟಾರ್‌ಸೈಕಲ್‌ನ ಹಾನಿ ಏರು ಹತ್ತುವಾಗ ಹೆಚ್ಚು, ಕುದುರೆಯದು ಇಳಿಜಾರು ಇಳಿಯುವಾಗ ಹೆಚ್ಚು. 1994ರಲ್ಲಿ ವಿಲ್ಸನ್ ಮತ್ತು ಸೆನಿ ಅವರು ಚಕ್ರಗಳಿಗಿಂತ ಗೊರಸು ಮತ್ತು ಪಾದಗಳೇ ಹೆಚ್ಚು ಮಣ್ಣನ್ನು ಸಡಿಲಗೊಳಿಸುತ್ತವೆ ಎಂದೂ, ಮೊದಲೇ ಒದ್ದೆಯಾದ ದಾರಿಯಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ ಎಂದೂ ತೋರಿಸಿದರು. 1998ರಲ್ಲಿ ಡೆಲೂಕಾ ಮತ್ತು ಸಹೋದ್ಯೋಗಿಗಳು ಕುದುರೆ, ಲಾಮಾ (ಹೊರೆ ಹೊರುವ ದಕ್ಷಿಣ ಅಮೆರಿಕದ ಪ್ರಾಣಿ) ಮತ್ತು ಪಾದಚಾರಿಗಳನ್ನು ಹೋಲಿಸಿದಾಗ ಕುದುರೆ ನಡೆದ ದಾರಿಯಿಂದಲೇ ಹೆಚ್ಚು ಮಣ್ಣು ಕೊಚ್ಚಿಹೋಗುವಂತಾಗಿತ್ತು.

ಇವುಗಳಿಂದ ನಿಮಗೆ ಉಪಯೋಗವಾಗುವ ಮಾತು ಎರಡು. ಹಾನಿ ಹೆಚ್ಚುವುದು ಒದ್ದೆ ನೆಲದಲ್ಲಿ, ಮತ್ತು ಇಳಿಜಾರಿನಲ್ಲಿ. ತೊರೆಯನ್ನು ದಾಟುವ ಜಾಗದಲ್ಲಿ ಇವೆರಡೂ ಒಟ್ಟಿಗೆ ಸಿಗುತ್ತವೆ: ಕುದುರೆ ದಂಡೆಯಿಂದ ಇಳಿಯುತ್ತದೆ, ನೆಲ ಒದ್ದೆಯಾಗಿರುತ್ತದೆ, ಅಲ್ಲಿಂದ ನೀರಿಗೆ ದೂರವೇ ಇಲ್ಲ. ಇಡೀ ದಾರಿಗೆ 100 ಮೀಟರ್ ಎಂದು ಹಟ ಹಿಡಿಯುವುದಕ್ಕಿಂತ ಆ ಎರಡು ದಾಟುವ ಜಾಗಗಳ ಮೇಲೆ ನಿಮ್ಮ ಬಲವನ್ನೆಲ್ಲ ಹಾಕಿ.

ದಾರಿ ಕಟ್ಟುವವರು ಪಾಲಿಸುವ ಕೆಲವು ಅಳತೆಗಳಿವೆ. ದಾರಿಯ ಏರಿಕೆ ಅದು ಸಾಗುವ ಗುಡ್ಡದ ಇಳಿಜಾರಿನ ಅರ್ಧವನ್ನು ಮೀರಬಾರದು, ಒಟ್ಟಾರೆ ಸರಾಸರಿ ಶೇಕಡ 10ರ ಒಳಗಿರಬೇಕು. ಮೀರಿದರೆ ನೀರು ದಾರಿಯನ್ನೇ ಕಾಲುವೆಯನ್ನಾಗಿ ಮಾಡಿಕೊಳ್ಳುತ್ತದೆ. ದಾರಿಯ ಹೊರ ಅಂಚು ಸ್ವಲ್ಪ ತಗ್ಗಿರಬೇಕು, ಅಲ್ಲಲ್ಲಿ ದಾರಿ ಇಳಿದು ಏರಬೇಕು. ಆಗ ನೀರು ಸಣ್ಣ ಸಣ್ಣ ಪಾಲಾಗಿ ಹುಲ್ಲಿನೊಳಗೆ ಇಂಗುತ್ತದೆ. ಕೆಸರಾದ ಜಾಗವನ್ನು ಹಾಗೆಯೇ ಬಿಟ್ಟರೆ ಕುದುರೆಗಳು ಅದನ್ನು ಬಳಸಿಕೊಂಡು ಪಕ್ಕಕ್ಕೆ ಹೋಗುತ್ತವೆ, ಮರುದಿನ ಆ ಪಕ್ಕವೂ ಕೆಸರಾಗುತ್ತದೆ, ಹೀಗೆ ಒಂದು ದಾರಿ ಕವಲೊಡೆದು ಜೌಗಿನ ಒಳಕ್ಕೆ ಹರಡುತ್ತಾ ಹೋಗುತ್ತದೆ. ಜೌಗಿನಂಚಿನಲ್ಲಿ ಸಾಗುವ ದಾರಿಯ ನಿಜವಾದ ಅಪಾಯ ಇದು. ದಾರಿಯನ್ನು ಕೆಲವೇ ಮೀಟರ್ ಮೇಲಿನ ಒಣ ನೆಲಕ್ಕೆ ಸರಿಸಿದರೆ ಎಷ್ಟೋ ತೊಂದರೆ ಹುಟ್ಟುವುದೇ ಇಲ್ಲ.

ಮೀನುಗಣ್ಣು

ನಾನು ಗಾಳ ಹಾಕುವವನು. ಸವಾರರ ಗುಂಪೊಂದು ಕಡವನ್ನು, ಅಂದರೆ ನೀರಿಗಿಳಿದು ದಾಟುವ ಜಾಗವನ್ನು, ದಾಟಿದ ಮೇಲೆ ಕೆಳಗಿನ ಮಡುವು ಕದಡಿ ಕಂದಾಗುವುದನ್ನೂ ತಿಳಿಯಾಗುವ ಮೊದಲೇ ಮುಂದಿನ ಗುಂಪು ಬರುವುದನ್ನೂ ಒಂದು ಕಡೆ ನೋಡುತ್ತಾ ನಿಂತಿದ್ದೆ. ಒಂದು ಸಲ ಕದಡಿದ್ದನ್ನು ತೊರೆ ತಾಳಿಕೊಳ್ಳುತ್ತದೆ. ದಿನವಿಡೀ ಕದಡುತ್ತಲೇ ಇದ್ದರೆ ತಾಳಿಕೊಳ್ಳುವುದಿಲ್ಲ. ಕುದುರೆಗಳ ಸಂಖ್ಯೆಯ ಮಿತಿಯ ಜೊತೆಗೆ ಗುಂಪುಗಳ ನಡುವಿನ ಅಂತರವನ್ನೂ ಕೇಳಿ. ಮೊಟ್ಟೆಯಿಡುವ ಕಾಲದಲ್ಲಿ ಮತ್ತು ಮರಿಗಳು ಜಲ್ಲಿಯಿಂದ ಹೊರಬರುವವರೆಗೆ ನೀರಿಗಿಳಿದು ದಾಟುವುದು ಸಂಪೂರ್ಣ ನಿಲ್ಲಬೇಕು. ಆ ಕಾಲ ಯಾವ ಮೀನಿಗೆ ಯಾವಾಗ ಎಂಬುದನ್ನು ಮೀನುಗಾರಿಕೆಯ ಅಧಿಕಾರಿಗಳಿಂದ ಬರೆಸಿಕೊಳ್ಳಿ.

ಲಗಾಮು

ಕಾಲುದಾರಿ ಅವರ ಮಾತಿನಲ್ಲಿ ನ್ಯಾಯವಿದೆ. ದಾಟುವ ಜಾಗಕ್ಕೆ ಸೇತುವೆ ಹಾಕಿಸಬಹುದಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಕುದುರೆಗೆ ಸೇತುವೆಯೆಂದರೆ ಸುಲಭದ ಕೆಲಸವಲ್ಲ ಎಂಬುದನ್ನು ತಿಳಿಸಬೇಕು. ಹಲಗೆಯ ಕೆಳಗಿನ ಟೊಳ್ಳು ಸದ್ದಿಗೆ ಅನೇಕ ಕುದುರೆಗಳು ಬೆದರುತ್ತವೆ, ಒದ್ದೆ ಹಲಗೆಯ ಮೇಲೆ ಲಾಳ ಜಾರುತ್ತದೆ, ಎರಡು ಬದಿಯಲ್ಲೂ ಗಟ್ಟಿ ಕಟಾಂಜನ ಬೇಕು, ಸವಾರನೂ ಸೇರಿದ ಭಾರವನ್ನು ಹೊರುವ ತೊಲೆಗಳು ಬೇಕು. ಹೊಸ ಸವಾರರನ್ನು ಕೂರಿಸಿಕೊಂಡ ಕುದುರೆ ಸೇತುವೆಯ ನಡುವೆ ಹಿಂದಕ್ಕೆ ಸರಿದರೆ ಏನಾಗುತ್ತದೆ ಎಂದು ಯೋಚಿಸಿ. ತಳ ಗಟ್ಟಿಯಾಗಿರುವ, ಅಗಲವಾದ, ಆಳವಿಲ್ಲದ ಕಡವು ಸವಾರರ ದೃಷ್ಟಿಯಿಂದ ಹೆಚ್ಚು ಸುರಕ್ಷಿತ.

ಕಾಲುದಾರಿ

ಕುದುರೆಗಳನ್ನು ಮೊದಲೇ ಪಳಗಿಸಿದರೆ, ಹಲಗೆಯ ಮೇಲೆ ಜಾರದ ಹಾಸನ್ನು ಹಾಕಿದರೆ ಸೇತುವೆಯ ಮೇಲೆ ಅವು ನಿರಾಳವಾಗಿ ನಡೆಯುತ್ತವೆ; ಅಂತಹ ಸೇತುವೆಗಳನ್ನು ಕಟ್ಟಿದ ಅನುಭವದಿಂದಲೇ ಹೇಳುತ್ತಿದ್ದೇನೆ. ಕಡವೇ ಬೇಕೆಂದಾದರೆ ಅದು ತೊರೆಯ ತಿರುವಿನಲ್ಲಿ ಇರದೆ ನೇರವಾದ ಭಾಗದಲ್ಲಿ, ಹರಿವಿಗೆ ಅಡ್ಡಲಾಗಿ ಇರಬೇಕು. ಎರಡೂ ದಂಡೆಗಳ ಇಳಿದಾರಿಗೆ ಒಡೆದ ಕಲ್ಲು ಹಾಸಿ ಗಟ್ಟಿಮಾಡಬೇಕು. ದಾರಿಯಲ್ಲಿ ಹರಿದು ಬರುವ ನೀರನ್ನು ದಂಡೆಗೆ ಮುಟ್ಟುವ ಮೊದಲೇ ಪಕ್ಕದ ಹುಲ್ಲಿಗೆ ತಿರುಗಿಸಬೇಕು. ತೊರೆಯ ಪಾತ್ರದಲ್ಲಿ ಕಲ್ಲು ಹಾಕುವುದಕ್ಕೇ ಹಲವು ಕಡೆ ಪ್ರತ್ಯೇಕ ಅನುಮತಿ ಬೇಕು. ಅಮೆರಿಕದಲ್ಲಿ 1972ರ ಶುದ್ಧ ಜಲ ಕಾಯಿದೆಯ 404ನೇ ಕಲಮು ಇಂತಹ ಕೆಲಸಗಳಿಗೆ ಸಂಬಂಧಿಸಿದ್ದು. ವಲಯ ಅನುಮತಿ ಸಿಕ್ಕಿತೆಂದು ಮರುದಿನವೇ ಜಲ್ಲಿ ತಂದು ಸುರಿಯುವಂತಿಲ್ಲ.

ಎರಡು ದಾಟುವಿಕೆ ಏಕೆ ಬೇಕು ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ದಾರಿ ಹೋದ ಕಡೆಯಿಂದಲೇ ಮರಳಿದರೆ ಒಂದೇ ಸಾಕು, ಅಥವಾ ಒಂದೂ ಬೇಡ.

ಪಶುವೈದ್ಯ

ಇಷ್ಟು ಹೊತ್ತು ಲದ್ದಿ ಮತ್ತು ಹೂಳಿನ ಬಗ್ಗೆ ಮಾತಾಡಿದಿರಿ. ಕುದುರೆಯ ಮೈಮೇಲಿನ ಮತ್ತು ಹೊಟ್ಟೆಯೊಳಗಿನ ಔಷಧಗಳ ವಿಷಯ ಬರಲೇ ಇಲ್ಲ. ನನ್ನ ದೃಷ್ಟಿಯಲ್ಲಿ ಚಿಕ್ಕ ತೊರೆಗೆ ಇದು ಅಷ್ಟೇ ಮುಖ್ಯ.

ನೊಣ, ಚಿಗಟ, ಉಣ್ಣೆಗಳಿಂದ ಕಾಪಾಡಲು ಕುದುರೆಗಳ ಮೈಗೆ ಸಿಂಪಡಿಸುವ ದ್ರಾವಣಗಳಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವುದು ಸಾಮಾನ್ಯ. ಕುದುರೆಗೆ ಅದರಿಂದ ತೊಂದರೆಯಿಲ್ಲ, ಆದರೆ ಮೀನುಗಳಿಗೂ ಜಲಕೀಟಗಳಿಗೂ ಅದು ಅತ್ಯಂತ ವಿಷಕಾರಿ. ಸವಾರಿಗೆ ಮುನ್ನ ಕಾಲುಗಳಿಗೆ ಸಿಂಪಡಿಸಿ, ಅದು ಒಣಗುವ ಮೊದಲೇ ಕುದುರೆಯನ್ನು ಮೊಣಕಾಲುದ್ದ ನೀರಿಗೆ ಇಳಿಸಿದರೆ ಆ ದ್ರಾವಣ ಎಲ್ಲಿಗೆ ಹೋಗುತ್ತದೆ ಎಂಬುದನ್ನು ವಿವರಿಸಬೇಕಿಲ್ಲ. ಎರಡನೆಯದು ಜಂತುನಾಶಕವಾದ ಐವರ್‌ಮೆಕ್ಟಿನ್. ಬಾಯಿಯ ಮೂಲಕ ಕೊಟ್ಟ ಔಷಧದ ಹೆಚ್ಚಿನ ಪಾಲು ಮೊದಲ ಕೆಲವು ದಿನಗಳಲ್ಲಿ ಲದ್ದಿಯೊಡನೆ ಹೊರಬರುತ್ತದೆ. ಡ್ಯಾಫ್ನಿಯಾದಂತಹ ಸೂಕ್ಷ್ಮ ಜಲಜೀವಿಗಳು ಅದರ ಅತ್ಯಲ್ಪ ಪ್ರಮಾಣಕ್ಕೂ ಸಾಯುತ್ತವೆ. ಲದ್ದಿಯನ್ನು ಮಣ್ಣಿಗೆ ಸೇರಿಸುವ ಸಗಣಿ ಹುಳುಗಳಿಗೂ ಅದು ಮಾರಕ.

ಪರಿಹಾರ ಕಷ್ಟವೇನಲ್ಲ. ನೀರು ದಾಟುವ ಕುದುರೆಗಳ ಕಾಲಿಗೆ ಸಿಂಪಡಣೆ ಬೇಡ, ನೊಣಬಲೆ ಮತ್ತು ಮುಸುಕನ್ನು ಬಳಸಲಿ. ಜಂತುನಾಶಕ ಕೊಟ್ಟ ಕುದುರೆಗಳನ್ನು ಒಂದು ವಾರವಾದರೂ ತೊರೆಯ ದಾರಿಗೆ ತರದಿರಲಿ, ಆ ದಿನಗಳ ಲದ್ದಿಯನ್ನು ಲಾಯದಲ್ಲೇ ಪ್ರತ್ಯೇಕವಾಗಿ ಕೂಡಿಡಲಿ. ಎಲ್ಲ ಕುದುರೆಗಳಿಗೂ ಕಾಲಕಾಲಕ್ಕೆ ಕಣ್ಣುಮುಚ್ಚಿ ಔಷಧ ಕೊಡುವ ಬದಲು ಲದ್ದಿಯಲ್ಲಿನ ಜಂತುಮೊಟ್ಟೆಗಳನ್ನು ಎಣಿಸಿ ಅಗತ್ಯವಿದ್ದವಕ್ಕೆ ಮಾತ್ರ ಕೊಡುವುದು ಕುದುರೆಗಳ ಆರೋಗ್ಯಕ್ಕೂ ಒಳ್ಳೆಯದು, ಏಕೆಂದರೆ ಅತಿಯಾಗಿ ಬಳಸಿದಲ್ಲಿ ಜಂತುಗಳು ಔಷಧಕ್ಕೆ ಬಗ್ಗದಂತಾಗಿವೆ.

ತೊರೆಯಂಚು

ಇದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಲದ್ದಿಯಿಂದ ಕಳೆಗಿಡಗಳು ಹರಡುತ್ತವೆ ಎಂದು ಒಬ್ಬರು ಹೇಳುತ್ತಿದ್ದಾರೆ, ಅದರಲ್ಲಿ ಎಷ್ಟು ಸತ್ಯವಿದೆ?

ಜಲಬಿಂದು

ಭಾಗಶಃ ಸತ್ಯ. ಅನೇಕ ಬೀಜಗಳು ಕುದುರೆಯ ಹೊಟ್ಟೆಯನ್ನು ದಾಟಿ ಬಂದ ಮೇಲೂ ಮೊಳೆಯುತ್ತವೆ. ಆದರೆ ಒಣ ದಾರಿಯ ಮೇಲೆ ಬಿದ್ದ ಲದ್ದಿಯಲ್ಲಿ ಮೊಳೆತ ಸಸಿಗಳಲ್ಲಿ ಬೆಳೆದು ನಿಲ್ಲುವವು ವಿರಳ. ತುಳಿತದಿಂದ ಹುಲ್ಲು ಕಿತ್ತುಹೋದ ಒದ್ದೆ ದಂಡೆ ಮಾತ್ರ ಬೀಜಕ್ಕೆ ಹದವಾದ ಜಾಗ, ಆದ್ದರಿಂದ ಅಲ್ಲಿ ಎಚ್ಚರ ಬೇಕು. ಆಹಾರ ಕುದುರೆಯ ಹೊಟ್ಟೆಯನ್ನು ದಾಟಲು ಎರಡು ಮೂರು ದಿನ ಬೇಕಾಗುತ್ತದೆ. ಸವಾರಿಗೆ ಮುಂಚಿನ ಆ ದಿನಗಳಿಂದಲೇ ಕಳೆಬೀಜವಿಲ್ಲದ ಒಣಹುಲ್ಲು ಹಾಕಬೇಕೆಂಬ ಷರತ್ತು ಅರ್ಥಪೂರ್ಣ.

ತಿಪ್ಪೆಯ ಬಗ್ಗೆ ಬಿಟ್ಟುಹೋಗಿದ್ದನ್ನು ಸೇರಿಸುತ್ತೇನೆ. ನೀರು ಇಂಗದ ಗಟ್ಟಿ ತಳ, ಮೇಲೆ ಚಾವಣಿ, ಮೇಲಿನ ಇಳಿಜಾರಿನಿಂದ ಬರುವ ಮಳೆನೀರನ್ನು ಬಳಸಿ ಕಳಿಸುವ ಕಾಲುವೆ, ಈ ಮೂರಿದ್ದರೆ ಅರ್ಧ ಚಿಂತೆ ಕಳೆಯುತ್ತದೆ. ಗೊಬ್ಬರದ ರಾಶಿ 55 ಡಿಗ್ರಿ ಸೆಲ್ಸಿಯಸ್ ಶಾಖವನ್ನು 15 ದಿನ ಹಿಡಿದುಕೊಂಡು, ಆ ಅವಧಿಯಲ್ಲಿ 5 ಬಾರಿ ತಿರುವಿಹಾಕಿಸಿಕೊಂಡರೆ ರೋಗಾಣುಗಳೂ ಬಹುತೇಕ ಕಳೆಬೀಜಗಳೂ ಸಾಯುತ್ತವೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಚರಂಡಿ ಕೆಸರಿನ ಗೊಬ್ಬರದ ಉದ್ದನೆಯ ರಾಶಿಗಳಿಗೆ ಇಟ್ಟ ಅಳತೆ ಇದು. ಲದ್ದಿಗೂ ಇದನ್ನೇ ಬಳಸಬಹುದು.

ಹಸಿರುಪಟ್ಟಿ

ನೀವೆಲ್ಲರೂ ಸೇರಿ ಆ ಮಾಲೀಕರಿಗೆ ಉಚಿತವಾಗಿ ಯೋಜನೆಯನ್ನು ಬರೆದುಕೊಡುತ್ತಿದ್ದೀರಿ. ಬಫರ್ ವಲಯದ, ಅಂದರೆ ನೀರಿನ ಅಂಚಿನಲ್ಲಿ ಖಾಲಿ ಬಿಡುವ ಅಂತರದ, ಮಾತನ್ನು ಬಿಡಬೇಡಿ. ಒಮ್ಮೆ ಒಳಗೆ ಬಿಟ್ಟುಕೊಂಡರೆ ಅಂತರವನ್ನು ಮತ್ತೆ ಪಡೆಯಲಾಗದು. ತೊರೆಗೆ ತನ್ನ ಪರವಾಗಿ ವಿಚಾರಣೆಯಲ್ಲಿ ಮಾತಾಡಲು ಬಾಯಿಲ್ಲ. ನಾವೇ ಮಾತಾಡಬೇಕು, ಗಟ್ಟಿಯಾಗಿಯೇ ಮಾತಾಡಬೇಕು.

ಕಾನೂನಂಗಳ

ಹಸಿರುಪಟ್ಟಿ ಅವರೇ, ನಿಮ್ಮ ಕಾಳಜಿ ದೊಡ್ಡದು, ಅದಕ್ಕಾಗಿಯೇ ಈ ಮಾತನ್ನು ಹೇಳುತ್ತಿದ್ದೇನೆ. ಕಾರಣ ಕೊಡದ ಷರತ್ತು ಮೇಲ್ಮನವಿಯಲ್ಲಿ ಬಿದ್ದುಹೋಗುತ್ತದೆ, ಬಿದ್ದಾಗ ಉಳಿದ ಒಳ್ಳೆಯ ಷರತ್ತುಗಳನ್ನೂ ಜೊತೆಗೆ ಎಳೆದುಕೊಂಡು ಹೋಗಬಹುದು.

ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮುಂದೆ ಇದಕ್ಕೆ ತೀರ ಹತ್ತಿರದ ಪ್ರಶ್ನೆಯೊಂದು ಬಂದಿತ್ತು. ಆರೆಗಾನ್ ರಾಜ್ಯದ ಟೈಗರ್ಡ್ ನಗರದಲ್ಲಿ ಫ್ಯಾನೋ ಎಂಬ ತೊರೆಯ ಪಕ್ಕದಲ್ಲಿ ಡೋಲನ್ ಎಂಬುವವರ ಅಂಗಡಿಯಿತ್ತು. ಅಂಗಡಿಯನ್ನು ವಿಸ್ತರಿಸಲು ಅನುಮತಿ ಕೇಳಿದಾಗ ನಗರಾಡಳಿತವು ತೊರೆಯ ಪ್ರವಾಹ ಬಯಲಿನಲ್ಲಿರುವ ಜಾಗವನ್ನೂ ಸೈಕಲ್ ದಾರಿಗೆ ಒಂದು ಪಟ್ಟಿಯನ್ನೂ ಸಾರ್ವಜನಿಕರಿಗೆ ಬಿಟ್ಟುಕೊಡಬೇಕೆಂದು ಷರತ್ತು ಹಾಕಿತು. 1994ರಲ್ಲಿ ನ್ಯಾಯಾಲಯವು ನಗರಾಡಳಿತದ ವಿರುದ್ಧ ತೀರ್ಪು ನೀಡಿತು. ಪ್ರವಾಹ ತಡೆಯುವ ಉದ್ದೇಶವನ್ನು ನ್ಯಾಯಾಲಯ ತಪ್ಪೆನ್ನಲಿಲ್ಲ. ಕೇಳುವ ಷರತ್ತಿಗೂ ಆ ಕಟ್ಟಡದಿಂದ ಆಗುವ ಪರಿಣಾಮಕ್ಕೂ ಸ್ಥೂಲವಾದ ಅನುಪಾತವಿದೆ ಎಂಬುದನ್ನು ಆ ಜಾಗಕ್ಕೆ ಅನ್ವಯಿಸಿ ತೋರಿಸುವ ಹೊಣೆ ಆಡಳಿತದ್ದು ಎಂದು ಅದು ಹೇಳಿತು. ಷರತ್ತಿಗೂ ಪರಿಣಾಮಕ್ಕೂ ಸಂಬಂಧವಿರಬೇಕೆಂಬುದನ್ನು 1987ರ ನೋಲನ್ ಪ್ರಕರಣದಲ್ಲಿಯೇ ಹೇಳಲಾಗಿತ್ತು. 2013ರ ಕೂಂಟ್ಜ್ ಪ್ರಕರಣವು ಜೌಗು ನೆಲಕ್ಕೆ ಸಂಬಂಧಿಸಿದ್ದು. ಅನುಮತಿಯನ್ನು ನಿರಾಕರಿಸಿದಾಗಲೂ, ಜಾಗದ ಬದಲು ಹಣ ಕೇಳಿದಾಗಲೂ ಇದೇ ಪರೀಕ್ಷೆ ಅನ್ವಯಿಸುತ್ತದೆ ಎಂದು ಅದರಲ್ಲಿ ತೀರ್ಮಾನವಾಯಿತು.

ಈ ತೀರ್ಪುಗಳು ಖಾಸಗಿ ಜಮೀನನ್ನು ಅಥವಾ ಹಣವನ್ನು ಕೇಳುವ ಷರತ್ತುಗಳಿಗೆ ಸಂಬಂಧಿಸಿದವು, ಆ ದೇಶದ ಕಾನೂನಿನವು. ಆದರೂ ಅವುಗಳ ಹಿಂದಿನ ತರ್ಕ ಎಲ್ಲಿಯಾದರೂ ಉಪಯೋಗಕ್ಕೆ ಬರುತ್ತದೆ. 100 ಮೀಟರ್ ಬೇಕೆಂದರೆ ಏಕೆ 100, ಏಕೆ 30 ಅಲ್ಲ ಎಂಬುದಕ್ಕೆ ಆ ನೆಲದ ಇಳಿಜಾರು, ಮಣ್ಣು ಮತ್ತು ಹುಲ್ಲುಹೊದಿಕೆ ಉತ್ತರ ಕೊಡಬೇಕು. ದಟ್ಟ ಹುಲ್ಲಿನ ಸಮತಟ್ಟು ದಂಡೆಯಲ್ಲಿ ಕಡಿಮೆ ಅಂತರವೇ ಸಾಕಾಗಬಹುದು. ಬೋಳಾದ ಕಡಿದಾದ ಇಳಿಜಾರಿನಲ್ಲಿ ನೀವು ಕೇಳಿದ್ದೂ ಸಾಲದಿರಬಹುದು.

ಹಸಿರುಪಟ್ಟಿ

ಕಡಿದಾದ ಕಡೆ ಹೆಚ್ಚು ಅಂತರ ಸಿಗುವುದಾದರೆ ಈ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಆ ಅಳತೆಯನ್ನು ಅರ್ಜಿದಾರರು ನೇಮಿಸಿದವರು ಮಾಡಬಾರದು.

ಲಗಾಮು

ನೀರಿನ ಪರೀಕ್ಷೆಯ ಮಾತು ಇನ್ನೂ ಬಂದಿಲ್ಲ, ಬರುತ್ತದೆ ಎಂದು ಬಲ್ಲೆ. ವಾರವಾರವೂ ಪ್ರಯೋಗಾಲಯಕ್ಕೆ ಮಾದರಿ ಕಳಿಸಬೇಕೆಂದು ಬರೆದರೆ ಸಣ್ಣ ವ್ಯವಹಾರದವರು ಬಾಗಿಲು ಮುಚ್ಚುತ್ತಾರೆ, ದೊಡ್ಡವರು ಮಾತ್ರ ಉಳಿಯುತ್ತಾರೆ. ದೊಡ್ಡವರು ಹೆಚ್ಚು ಕುದುರೆಗಳನ್ನು ತರುತ್ತಾರೆ ಎಂಬುದನ್ನೂ ಯೋಚಿಸಿ. ಅದಲ್ಲದೆ ನೀರಿನಲ್ಲಿ ಬ್ಯಾಕ್ಟೀರಿಯಾ ಕಂಡ ತಕ್ಷಣ ಕುದುರೆಯನ್ನೇ ದೂರುತ್ತಾರೆ. ಕಾಡುಪ್ರಾಣಿಗಳು, ಹಕ್ಕಿಗಳು, ಸೋರುವ ಶೌಚಗುಂಡಿಗಳು ಯಾರ ಕಣ್ಣಿಗೂ ಬೀಳುವುದಿಲ್ಲ.

ಜಲಬಿಂದು

ಅದಕ್ಕಾಗಿಯೇ ಸವಾರಿ ಶುರುವಾಗುವ ಮೊದಲಿನ ಅಳತೆ ಬೇಕು. ಅದು ನಿಮ್ಮಂತಹವರನ್ನು ಸುಳ್ಳು ದೂರಿನಿಂದ ಕಾಪಾಡುವ ದಾಖಲೆಯೂ ಹೌದು. ದಾಟುವ ಜಾಗಕ್ಕಿಂತ ಮೇಲೆ ಒಂದು ಕಡೆ, ಕೆಳಗೆ ಒಂದು ಕಡೆ, ಒಂದೇ ದಿನ ಒಂದೇ ಹೊತ್ತಿನಲ್ಲಿ ಅಳೆಯಬೇಕು. ಎರಡರ ವ್ಯತ್ಯಾಸವೇ ಸವಾರಿಯ ಪಾಲು. ಕದಡನ್ನು ಅಳೆಯಲು ತಳದಲ್ಲಿ ಗುರುತಿರುವ ಪಾರದರ್ಶಕ ಕೊಳವೆ ಸಾಕು, ಯಾರು ಬೇಕಾದರೂ ಕಲಿಯಬಹುದು. ಪ್ರಯೋಗಾಲಯದ ಪರೀಕ್ಷೆಯನ್ನು ಈಜುವ ಕಾಲಕ್ಕೂ ದೊಡ್ಡ ಮಳೆಯ ನಂತರಕ್ಕೂ ಸೀಮಿತಗೊಳಿಸಿದರೆ ಖರ್ಚು ತಗ್ಗುತ್ತದೆ.

ಒಂದು ಎಚ್ಚರಿಕೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 2012ರಲ್ಲಿ ಈಜುವ ನೀರಿಗೆ ಸೂಚಿಸಿದ 100 ಮಿಲಿಲೀಟರಿಗೆ 126 ಇ. ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ಎಂಬ ಅಂಕಿಯನ್ನು ಜನರು ಒಂದೇ ಮಾದರಿಗೆ ಹಚ್ಚಿ ಗದ್ದಲ ಮಾಡುತ್ತಾರೆ. ಅದು ಹಲವು ಮಾದರಿಗಳ ಗುಣೋತ್ತರ ಸರಾಸರಿಗೆ ಇಟ್ಟ ಮಿತಿ. ಸಂದೇಹ ತೀರದಿದ್ದರೆ ಬ್ಯಾಕ್ಟೀರಿಯಾಗಳ ಡಿಎನ್‌ಎ ನೋಡಿ ಅವು ಮನುಷ್ಯರಿಂದ ಬಂದವೋ ಕುದುರೆಯಿಂದ ಬಂದವೋ ದನದಿಂದ ಬಂದವೋ ಎಂದು ಗುರುತಿಸುವ ವಿಧಾನವೂ ಇದೆ.

ತೊರೆಯಂಚು

ನೀವೆಲ್ಲ ಹೇಳಿದ್ದನ್ನು ಸೇರಿಸಿ ಕರಡನ್ನು ಬರೆಯುತ್ತಿದ್ದೇವೆ. ತಿಪ್ಪೆ, ಔಷಧ, ಮೊಟ್ಟೆಯಿಡುವ ಕಾಲ, ಜೌಗಿನಿಂದ ಮೇಲಕ್ಕೆ ಸರಿಸಿದ ದಾರಿ, ಎರಡನೆಯ ದಾಟುವಿಕೆಯನ್ನು ಕೈಬಿಡುವುದು, ಇಷ್ಟರ ಮೇಲೆ ನೆರೆಹೊರೆಯಲ್ಲಿ ಒಮ್ಮತವಿದೆ. ತಕರಾರು ಉಳಿದಿರುವುದು ಮಳೆಯ ಷರತ್ತಿನ ಮೇಲೆ. ಮಳೆ ಬಂದ ಮೇಲೆ ಎರಡು ದಿನ ಸವಾರಿ ಬೇಡವೆಂದು ಕೆಲವರು, ಇಷ್ಟು ಮಿಲಿಮೀಟರ್ ಮೀರಿದರೆ ಮಾತ್ರ ಎಂದು ಇನ್ನು ಕೆಲವರು ಹೇಳುತ್ತಾರೆ.

ಕಾಲುದಾರಿ

ಮಳೆಯ ಅಳತೆ ಆಕಾಶದ್ದು, ನಮಗೆ ಬೇಕಾದದ್ದು ನೆಲದ ಅಳತೆ. ಮರಳು ಮಣ್ಣು ಕೆಲವೇ ಗಂಟೆಗಳಲ್ಲಿ ಬಿಗಿಯಾಗುತ್ತದೆ, ಜೇಡಿಮಣ್ಣು ದಿನಗಟ್ಟಲೆ ಮೆತ್ತಗಿರುತ್ತದೆ. ದಾರಿಯಲ್ಲಿ ಗೊತ್ತುಪಡಿಸಿದ ಕೆಲವು ಜಾಗಗಳಲ್ಲಿ ಗೊರಸಿನ ಗುರುತು ಇಂತಿಷ್ಟು ಆಳವನ್ನು ಮೀರಿದರೆ ಅಥವಾ ಆ ಗುರುತಿನಲ್ಲಿ ನೀರು ನಿಂತರೆ ಆ ದಿನ ದಾರಿ ಮುಚ್ಚಬೇಕು ಎಂದು ಬರೆಯಿರಿ. ಆಳದ ಮಿತಿಯನ್ನು ಆ ಜಾಗದ ಮಣ್ಣನ್ನು ನೋಡಿ ನಿಗದಿಪಡಿಸಲಿ. ಅಳತೆಪಟ್ಟಿಯಿರುವ ಯಾರು ಬೇಕಾದರೂ ಇದನ್ನು ಪರೀಕ್ಷಿಸಬಹುದು.

ಲಗಾಮು

ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ಅಂತಹ ನೆಲದಲ್ಲಿ ಕುದುರೆಯ ಕಾಲಿಗೂ ಅಪಾಯ. ಗೊರಸು ಹೂತು ಸ್ನಾಯುರಜ್ಜು ಹರಿದರೆ ತಿಂಗಳುಗಟ್ಟಲೆ ಕುದುರೆ ಕೆಲಸಕ್ಕೆ ಬರುವುದಿಲ್ಲ. ಒಳ್ಳೆಯ ಮಾರ್ಗದರ್ಶಕರು ಹೇಗೂ ಅಂದು ಬೇರೆ ದಾರಿ ಹಿಡಿಯುತ್ತಾರೆ. ಆದ್ದರಿಂದ ಒಣ ನೆಲದಲ್ಲಿ ಪರ್ಯಾಯ ದಾರಿಯೊಂದನ್ನು ಇದೇ ಅನುಮತಿಯಲ್ಲಿ ಸೇರಿಸುವಂತೆ ನೀವೇ ಸಲಹೆ ಕೊಡಿ. ಸವಾರಿಯೇ ರದ್ದಾಗುವ ಭಯವಿಲ್ಲದಿದ್ದರೆ ದಾರಿ ಮುಚ್ಚಲು ಯಾರೂ ಹಿಂಜರಿಯುವುದಿಲ್ಲ.

ನಕ್ಷೆಗಾರ

ಪರ್ಯಾಯ ದಾರಿಯ ಸಲಹೆ ತುಂಬ ಒಳ್ಳೆಯದು. ಮುಚ್ಚುವ ತೀರ್ಮಾನವನ್ನು ಮಾತ್ರ ಮಾರ್ಗದರ್ಶಕರ ವಿವೇಚನೆಗೆ ಪೂರ್ತಿ ಬಿಡಬೇಡಿ, ಅವರು ಸಂಬಳ ಪಡೆಯುವುದು ಮಾಲೀಕರಿಂದ. ಗೊತ್ತುಪಡಿಸಿದ ಜಾಗಗಳ ದಿನಾಂಕವಿರುವ ಚಿತ್ರಗಳನ್ನು ಬೆಳಗ್ಗೆ ತೆಗೆದು, ಕೇಳಿದವರಿಗೆ ತೋರಿಸಬಹುದಾದ ದಾಖಲೆಯಲ್ಲಿ ಇಡಬೇಕೆಂಬುದು ಷರತ್ತಾಗಲಿ. ಪೂರ್ವಸೂಚನೆಯಿಲ್ಲದೆ ಜಾಗವನ್ನು ಪರಿಶೀಲಿಸುವ ಹಕ್ಕು ಪ್ರಾಧಿಕಾರಕ್ಕೆ ಇರಲಿ. ಕುದುರೆಗಳ ಒಟ್ಟು ಸಂಖ್ಯೆ, ಒಂದು ಗುಂಪಿನ ಗಾತ್ರ, ದಿನಕ್ಕೆ ಗುಂಪುಗಳೆಷ್ಟು, ಈ ಮೂರೂ ಅಂಕಿಯಲ್ಲಿ ಇರಬೇಕು. ಮೂರರಲ್ಲಿ ಒಂದನ್ನು ಬಿಟ್ಟರೂ ಉಳಿದೆರಡರ ಮಿತಿಯನ್ನು ಸುಲಭವಾಗಿ ದಾಟಬಹುದು. ದಂಡೆ ಹಾಳಾದರೆ ಸರಿಪಡಿಸುವ ಖರ್ಚಿಗೆ ಮುಂಗಡ ಠೇವಣಿಯನ್ನೂ ಕೇಳಬಹುದು, ಆದರೆ ಕಾನೂನಂಗಳ ಅವರು ಹೇಳಿದಂತೆ ಅದು ಆಗಬಹುದಾದ ಹಾನಿಯ ಅಂದಾಜಿಗೆ ಹೊಂದಿಕೆಯಾಗಿರಬೇಕು.

ತೊರೆಯಂಚು

ಅನುಮತಿಯ ಅವಧಿ ಎಷ್ಟಿರಬೇಕು? ಒಂದು ವರ್ಷಕ್ಕೆ ಮಾತ್ರ ಕೊಟ್ಟು ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಿಸಬೇಕೆಂದು ನಮ್ಮಲ್ಲಿ ಹಲವರ ಅಭಿಪ್ರಾಯ.

ಲಗಾಮು

ವರ್ಷಕ್ಕೊಮ್ಮೆ ಹೊಸ ಅರ್ಜಿಯೆಂದರೆ ಸೇತುವೆಗೆ, ಚಾವಣಿಯಿರುವ ತಿಪ್ಪೆಗೆ ಯಾರೂ ಹಣ ಹೂಡುವುದಿಲ್ಲ. ಮುಂದಿನ ವರ್ಷ ಇರುತ್ತೇವೋ ಇಲ್ಲವೋ ಎಂಬ ಸ್ಥಿತಿಯಲ್ಲಿ ಅಗ್ಗದ ತಾತ್ಕಾಲಿಕ ವ್ಯವಸ್ಥೆಯನ್ನೇ ಮಾಡುತ್ತಾರೆ, ಅದರ ಫಲವನ್ನು ಉಣ್ಣುವುದು ನಿಮ್ಮ ತೊರೆಯೇ.

ನಕ್ಷೆಗಾರ

ಅವಧಿ ಮತ್ತು ಪರಿಶೀಲನೆಯನ್ನು ಬೇರ್ಪಡಿಸಿ. ಅವಧಿ ದೀರ್ಘವಾಗಿರಲಿ, ಹೂಡಿಕೆಗೆ ಧೈರ್ಯ ಬರಲಿ. ಆದರೆ ಮೊದಲ ಮಳೆಗಾಲ ಮುಗಿದ ಕೂಡಲೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ನೀರಿನ ಅಳತೆಗಳನ್ನೂ ದಾರಿಯ ಚಿತ್ರಗಳನ್ನೂ ಬಹಿರಂಗ ಸಭೆಯಲ್ಲಿ ಮಂಡಿಸಬೇಕು. ಮೇಲಿನ ಮತ್ತು ಕೆಳಗಿನ ಅಳತೆಗಳ ವ್ಯತ್ಯಾಸ ನಿಗದಿತ ಮಿತಿಯನ್ನು ಮೀರಿದ್ದರೆ ದಾಟುವ ಜಾಗ ತಾನಾಗಿಯೇ ಮುಚ್ಚಬೇಕು, ಮತ್ತೆ ತೆರೆಯಲು ಸರಿಪಡಿಸಿದ ಪುರಾವೆ ಬೇಕು ಎಂದು ಬರೆಯಿರಿ. ತಾನಾಗಿಯೇ ಎಂಬ ಮಾತನ್ನು ಯಾವ ಕಾರಣಕ್ಕೂ ಬಿಡಬೇಡಿ, ಏಕೆಂದರೆ ಪ್ರತಿ ಸಲ ಹೊಸ ತೀರ್ಮಾನ ಬೇಕಾದರೆ ಸಭೆ ಸೇರುವಷ್ಟರಲ್ಲಿ ಆ ವರ್ಷದ ಮೊಟ್ಟೆಗಳು ಹೂಳಿನಡಿ ಹೋಗಿರುತ್ತವೆ.

ತೊರೆಯಂಚು

ಹಾಗೆಯೇ ಬರೆಯುತ್ತೇವೆ. ನಕ್ಷೆ ಅಪೂರ್ಣವೆಂಬ ಪತ್ರವನ್ನು ನಾಳೆಯೇ ಸಲ್ಲಿಸುತ್ತೇವೆ. ಷರತ್ತುಗಳ ಕರಡು ಸಿದ್ಧವಾದ ಮೇಲೆ ಅರ್ಜಿದಾರರಿಗೂ ಒಂದು ಪ್ರತಿಯನ್ನು ನಾವೇ ಕೊಂಡೊಯ್ದು ಕೊಡಬೇಕೆಂದಿದ್ದೇವೆ.